ಪೇಟ ಒಂದು ಆಗ್ಬುಡ್ಲಿ

ಮುಖ್ಯ ಅತಿಥಿಗಳು ಇನ್ನೇನು ಬಂದೇಬಿಟ್ಟರು ಎಂದು ತಿಮ್ಮಯ್ಯ ಮೈಕಿನಲ್ಲಿ ಮತ್ತೊಮ್ಮೆ ಸಾರಿದಾಗ, ವೇದಿಕೆಯ ನಡುವಿನ ಕುರ್ಚಿಯಲ್ಲಿದ್ದ ಪುಟ್ಟಲಿಂಗಯ್ಯ ಕೈಗಡಿಯಾರ ನೋಡಿಕೊಂಡ. ಸಂಜೆ ಬೆಂಗಳೂರಿನಿಂದ ಬೊಂಬಾಯಿಗೆ, ಅಲ್ಲಿಂದ ರಾತ್ರಿಯೇ ಇಟಲಿಗೆ ಅವನ ವಿಮಾನ. ಇದು ತಪ್ಪಿದರೆ ಅದೂ ತಪ್ಪಿತು. ಮುಂದಿನದು ಇನ್ನು ವಾರಕ್ಕೆ. ಅಷ್ಟರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ಬೇಸಿಗೆ ಶಾಲೆ ಬಾಗಿಲು ಹಾಕಿರುತ್ತದೆ. ಆ ಶಾಲೆಗೆ ಈ ದೇಶದಿಂದ ಆರಿಸಿದ್ದ ಇಬ್ಬರು ಭೌತವಿಜ್ಞಾನಿಗಳಲ್ಲಿ ಒಬ್ಬ ತಮ್ಮ ಹೊಂಗನೂರಿನವನು ಎಂಬ ಸುದ್ದಿ ಊರಿನ ಯುವಕ ಸಂಘಕ್ಕೆ ತಡೆದುಕೊಳ್ಳಲಾರದಷ್ಟು ಹೆಮ್ಮೆ ತಂದಿತ್ತು. ಅದಕ್ಕೇ ಈ ಸನ್ಮಾನ.

"ಹೊರಡೋ ದಿನ್ವೇ ಇಟ್ಕೊಂಡ್ರೆ ಹೆಂಗೆ ಮಾವ?" ಎಂದು ಅವನು ಮೊದಲೇ ಕೇಳಿದ್ದ. ಸಂಘದ ಅಧ್ಯಕ್ಷನೂ ಅವನ ಸೋದರಮಾವನೂ ಆದ ತಿಮ್ಮಯ್ಯ, "ಹೊರಡೋ ದಿನ್ವೇ ಕಣ್ಲಾ ಚೆಂದ. ಪೇಟ ಇಟ್ಕೊಂಡೇ ಕಾರ್ ಹತ್ಬೇಕು ನೀನು. ಜನ ನೋಡ್ಬೇಕು" ಎಂದಿದ್ದ. ಪೇಟ ಇಟ್ಟುಕೊಂಡು ಕಾರು ಹತ್ತುವ ಚಿತ್ರ ಪುಟ್ಟಲಿಂಗಯ್ಯನ ಕಣ್ಣಿಗೂ ಕಟ್ಟಿತು. ಬೆಂಗಳೂರಿನಲ್ಲಿ ತಾನು ಕೆಲಸ ಮಾಡುವ ಸಂಸ್ಥೆಯ ಕ್ಯಾಂಟೀನಿನಲ್ಲಿ ಇಂಥ ಸನ್ಮಾನಗಳನ್ನು ಆಡಿಕೊಂಡು ನಗುತ್ತಿದ್ದವನು ಅವನೇ. ಆದರೆ ಆ ಸನ್ಮಾನಗಳೆಲ್ಲ ಬೇರೆಯವರಿಗೆ ಆದವು.

ಶಾಮಿಯಾನದ ಮುಂದಿನ ಸಾಲಿನಲ್ಲಿ ಅವನ ತಾಯಿ ಬೋರಮ್ಮ ಸೂಟ್‌ಕೇಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನೆಲಕ್ಕಿಟ್ಟರೆ ಧೂಳಾಗುತ್ತದೆಂದು ಊಟವಾದಾಗಿನಿಂದಲೂ ಹಾಗೆಯೇ. ಪಕ್ಕದಲ್ಲಿದ್ದ ಚಿನ್ನಮ್ಮ ಕೇಳಿದಳು: "ಅಲ್ಲ ಬೋರಕ್ಕ, ಬ್ಯಾಸ್ಗೆ ರಜದಾಗೆ ಇಸ್ಕೂಲು ಮಡಗೋದು ಫೇಲಾದೋರ್ಗಲ್ವಾ?"

"ಫಸ್ಟ್ ಬಂದೋರ್ಗೂ ಮಡಗ್ತಾರಂತೆ, ಸುಮ್ಕಿರು" ಎಂದ ಬೋರಮ್ಮ ಸೂಟ್‌ಕೇಸ್ ಸಮೇತ ಎದ್ದು ವೇದಿಕೆಯ ಅಂಚಿಗೆ ಬಂದಳು. "ಏಳ್ಲಾ ಮ್ಯಾಕೆ. ಕಾರ್ನೋನು ಆಗ್ಲಿಂದ ಹಾರನ್ ಹೊಡೀತಾವ್ನೆ. ಹಾರ ಹಾಕುಸ್ಕೊಂಡ್ಯಲ್ಲ, ಸಾಕು ನಡಿ."

"ತಾಳವ್ವ, ಪೇಟ ಒಂದು ಆಗ್ಬುಡ್ಲಿ."

"ಅದೇನು, ನಿಮ್ಮ ಮಾವನ ಕೈಲೇ ಇಡುಸ್ಕೊ."

ತಿಮ್ಮಯ್ಯ ಮೈಕಿಗೆ ಅಂಗೈ ಅಡ್ಡ ಹಿಡಿದ. "ಏನಕ್ಕಾ ನೀನು! ಅವರು ಇಡೋ ಪೇಟನ ನಾನಿಟ್ರೆ ನಾಳೆ ಅವರ ಮುಂದೆ ನಿಂತ್ಕೊಳಕ್ಕಾಯ್ತದಾ? ಪೋಟೋದೋನು ಬೇರೆ ಅವರ ಕಾರ್ನಾಗೇ ಬತ್ತಾವ್ನೆ."

ಅರ್ಧ ಎದ್ದಿದ್ದ ಪುಟ್ಟಲಿಂಗಯ್ಯ ಫೋಟೋ ಎಂಬ ಮಾತು ಕಿವಿಗೆ ಬಿದ್ದದ್ದೇ ಮತ್ತೆ ಕೂತ. ಬೋರಮ್ಮ ಸೂಟ್‌ಕೇಸ್ ಸಮೇತ ತನ್ನ ಜಾಗಕ್ಕೆ ಮರಳಿದಳು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ದೂರ ಇಷ್ಟು, ವೇಗ ಇಷ್ಟು. ರಾಮನಗರದಲ್ಲಿ ರೇಷ್ಮೆಗೂಡಿನ ಗಾಡಿಗಳು ಅಡ್ಡ ಬರದಿದ್ದರೆ, ದಾರಿಯ ರೈಲ್ವೆ ಗೇಟು ತೆರೆದೇ ಇದ್ದರೆ... ನಕ್ಷತ್ರಗಳ ಸಾವನ್ನು ಕೋಟಿ ವರ್ಷ ಮುಂಚೆ ಹೇಳಬಲ್ಲವನ ಲೆಕ್ಕದಲ್ಲಿ ಪ್ರತಿ ಸಲವೂ ಇನ್ನೊಂದು ಭಾಷಣಕ್ಕೆ ಸಮಯ ಉಳಿಯುತ್ತಿತ್ತು.

ಅತಿಥಿಗಳು ಮಾಗಡಿಯ ಬೀಗರೂಟ ಮುಗಿಸಿ, ಎಲೆಯಡಿಕೆ ಜಗಿಯುತ್ತಲೇ ಬಂದರು. ಹಿಂದಿನ ಚುನಾವಣೆಯಲ್ಲಿ ಸೋತವರು. ಮುಂದಿನದಕ್ಕೆ ಈಗಲೇ ಮಾತಾಡತೊಡಗಿದರು. "ಈ ಊರಿಗೆ ರಸ್ತೆ ಹಾಕ್ಸಿದ್ದು ಯಾರು? ಆ ರಸ್ತೆ ಇಲ್ದಿದ್ರೆ ಈ ಹುಡುಗ ಇಟಲಿಗೆ ಹೆಂಗೆ ಹೋಯ್ತಿದ್ದ, ನೀವೇ ಹೇಳಿ!" ಜನ ಚಪ್ಪಾಳೆ ತಟ್ಟಿದರು. ತಟ್ಟದಿದ್ದರೆ ಚೆನ್ನಾಗಿರುವುದಿಲ್ಲವೆಂದು ಹುಡುಗನೂ ತಟ್ಟಿದ. ಆಮೇಲೆ ಕೆರೆ ಬಂತು, ಕರೆಂಟು ಬಂತು, ಅವರ ಕಾಲದಲ್ಲಿ ಬಂದದ್ದೆಲ್ಲ ಬಂತು. ಕೊನೆಗೆ ಶಾಲು, ಹಣ್ಣಿನ ಬುಟ್ಟಿ, ಪೇಟ. ಪೇಟ ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ತಿಮ್ಮಯ್ಯ ಒಳಗೆ ಕರ್ಚೀಫು ತುರುಕಿ ಮೇಲೆತ್ತಿದ. ಹೊರಗೆ ಹಾರನ್ ಸದ್ದು ಯಾವಾಗಲೋ ನಿಂತಿತ್ತು.

"ಇನ್ನೊಂದೇ ಒಂದು" ಎನ್ನುತ್ತಾ ತಿಮ್ಮಯ್ಯ ಮೇಜಿನಡಿಯಿಂದ ನೆನಪಿನ ಕಾಣಿಕೆ ತೆಗೆದ. ಚನ್ನಪಟ್ಟಣದಲ್ಲಿ ಹೇಳಿ ಮಾಡಿಸಿದ ಮರದ ವಿಮಾನ. ಹಳದಿ ಮೈ, ಕೆಂಪು ರೆಕ್ಕೆ, ಅರಗಿನ ಹೊಳಪು. ರೆಕ್ಕೆಯ ಮೇಲೆ ಸಂಘದ ಹೆಸರು. ಪುಟ್ಟಲಿಂಗಯ್ಯನ ಹೆಸರಿಗೆ ಜಾಗ ಸಾಲದೆ ಬಾಲದ ಮೇಲೆ ಬರೆಸಿದ್ದರು.

"ಸಾರ್, ಒಸಿ ಮ್ಯಾಲಕ್ಕೆತ್ತಿ" ಎಂದ ಫೋಟೋದವನು.

ಅತಿಥಿಗಳಿಗೆ ಹುರುಪು ಬಂತು. ವಿಮಾನವನ್ನು ಎತ್ತಿ ಹಿಡಿದು, ಬಾಯಲ್ಲಿ ಸದ್ದು ಮಾಡುತ್ತಾ, ಪೇಟದ ಮೇಲೆ ಒಂದು ಸುತ್ತು ಹಾರಿಸಿದರು. "ಹಿಂಗೇ ಹೋಯ್ತಾನೆ ನೋಡ್ತಿರಿ ನಮ್ಮ ಹುಡುಗ!" ಶಾಮಿಯಾನ ಕಿತ್ತುಹೋಗುವಂತೆ ಚಪ್ಪಾಳೆ. ಬೆಂಗಳೂರಿನಲ್ಲಿ ನಿಜವಾದದ್ದು ಈಗ ನೆಲ ಬಿಟ್ಟಿರುತ್ತದೆ ಎಂದು ಪುಟ್ಟಲಿಂಗಯ್ಯನಿಗೆ ಯಾವ ಲೆಕ್ಕವನ್ನೂ ಹಾಕದೆಯೇ ತಿಳಿಯಿತು.

"ಸಾರ್, ನೀವು ಒಸಿ ನಗಿ."

ಪುಟ್ಟಲಿಂಗಯ್ಯ ನಕ್ಕ.

ಮುಂದಿನ ಸಾಲಿನಲ್ಲಿ ಬೋರಮ್ಮ ಸೂಟ್‌ಕೇಸನ್ನು ಮಡಿಲಿನಿಂದ ಇಳಿಸಿ ಧೂಳಿನಲ್ಲಿ ಇಟ್ಟಳು.