ಜೂನ್ ಒಂದರ ಕೊಡೆ

ವರ್ಷವಿಡೀ ಬಿಸಿಲು ಕೊಡುತ್ತೇವೆಂದು ರೆಸಾರ್ಟಿನವರು ಪ್ರವಾಸಿಗರಿಗೆ ಮಾತು ಕೊಟ್ಟ ಮೇಲಿಂದ, ಮೋಡಗಳನ್ನು ತಡೆದು ನಮ್ಮೂರಿನ ಮಳೆಯನ್ನೆಲ್ಲ ದೂರದ ಕಡಲಲ್ಲೇ ಸುರಿಸಿ ಮುಗಿಸುತ್ತಾರೆ. ನನ್ನ ಇಬ್ಬರು ಮಕ್ಕಳೂ ಮಳೆ ಕಂಡವರಲ್ಲ. ಜನವರಿಯಲ್ಲಿ ಗಾಳಿಪಟ, ಏಪ್ರಿಲಿನಲ್ಲಿ ಮರಳಿನ ಮನೆ, ಎಲ್ಲ ಬಿಸಿಲಿನ ಆಟಗಳೇ. ಆದರೂ ಜೂನ್ ಒಂದಕ್ಕೆ, ಶಾಲೆ ಶುರುವಾಗುವ ದಿನ, ಒಂದೊಂದು ಹೊಸ ಕಪ್ಪು ಕೊಡೆ ಬಿಡಿಸಿಕೊಟ್ಟು ಅವರನ್ನು ಬೀಚಿನ ದಾರಿಯಲ್ಲೇ ಕರೆದೊಯ್ಯುತ್ತೇನೆ. ಮಳೆ ಸುರಿಯುತ್ತಿದ್ದ ಕಾಲದಲ್ಲಿ ನನ್ನಮ್ಮ ನನ್ನನ್ನು ಕರೆದೊಯ್ದದ್ದೂ ಹಾಗೆಯೇ.

ಈ ಸಲ ಬೀಚಿನ ಕಾವಲುಗಾರ ಸುಕೇಶ ಅಡ್ಡ ನಿಂತ.

"ವಾರಿಜಕ್ಕ, ಕೊಡೆ ಮಡಚಿ. ನೋಡಿದವರು ಮಳೆ ಬರ್ತದೆ ಅಂತ ರೂಮ್ ಖಾಲಿ ಮಾಡ್ತಾರೆ. ಮಳೆ ಇಲ್ಲದೆ ಕಪ್ಪು ಕೊಡೆ ಬಿಡಿಸ್ಬಾರ್ದು ಅಂತ ರೂಲ್ಸ್ ಉಂಟಲ್ಲ?"

"ಮಳೆ ಇದ್ರೆ ಆಗ್ತದಾ?"

"ಆಗ್ತದೆ. ಮಳೆ ಎಲ್ಲುಂಟು ಮಾರಾಯ್ರೆ?"

ಪ್ರವಾಸಿಗರು ಕಾಲು ತೊಳೆಯುವ ನಲ್ಲಿ ಪಕ್ಕದಲ್ಲೇ ಇತ್ತು. ಅದನ್ನು ಪೂರ್ತಿ ತಿರುಗಿಸಿ, ಅದಕ್ಕೆ ಸಿಕ್ಕಿಸಿದ್ದ ಪೈಪಿನ ಬಾಯಿಯನ್ನು ಹೆಬ್ಬೆರಳಿಂದ ಒತ್ತಿ, ನೀರನ್ನು ಆಕಾಶಕ್ಕೆ ಬಿಟ್ಟೆ. ಕೊಡೆಗಳ ಮೇಲೆ ಪಟಪಟ ಸದ್ದಾಯಿತು. ಆ ಸದ್ದನ್ನು ಮೊದಲ ಸಲ ಕೇಳಿದ ಮಕ್ಕಳು ಕೊಡೆಯ ಬಟ್ಟೆಗೆ ಕಿವಿ ತಾಗಿಸಿ ನಿಂತರು. ಸುಕೇಶನ ಟೊಪ್ಪಿಯಿಂದ ನೀರು ಇಳಿಯುತ್ತಿತ್ತು.

"ಮಳೆಗಾಲ ಶುರುವಾಯ್ತು ಸುಕೇಶ," ಎಂದೆ. "ನಾಳೆಯಿಂದ ನೀನೂ ಒಂದು ಕೊಡೆ ತಾ."