ಹೊಲದ ಅಂಗಿ

ಮಸ್ಕತ್ತಿಗೆಂದು ಕೊಂಡ ಹೊಸ ಚೂಡಿದಾರ ತೊಟ್ಟು ಭಾನು ಚೆಂಡುಹೂವಿನ ಹೊಲಕ್ಕೆ ಇಳಿದಾಗ, ಹೂ ಕುಯ್ಯುತ್ತಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನೋಡಿದರು. ಗುಲಾಬಿ ಬಣ್ಣ, ಮಿರಮಿರ ಮಿಂಚುವ ಬಟ್ಟೆ, ಮಣಿಕಟ್ಟಿನವರೆಗೆ ತೋಳು. ಗುಂಡ್ಲುಪೇಟೆಯ ಅಂಗಡಿಯಲ್ಲಿ ಮಡಿಚಿಟ್ಟಿದ್ದಾಗ ಅದು ಹೂವಿನಷ್ಟು ಹಗುರವಾಗಿ ಕಂಡಿತ್ತು.

ಹಾಕಿಕೊಂಡು ಬಾ ಎಂದವಳು ಮೂಗಮ್ಮ, ಕುಯ್ಯುವ ಗುಂಪಿಗೆಲ್ಲ ಹಿರಿಯಳು. ಹಿಂದಿನ ಸಂಜೆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಮುಖ ಸಿಂಡರಿಸಿದ್ದಳು. “ಒಂದ್ ಸಾಲು ಕುಯ್ದು ನೋಡ್ಬುಡು ಕಣಮ್ಮಿ,” ಎಂದಳು ಈಗ. “ಇಲ್ಲಿ ತಡೀದೆ ಇರೋದು ಅಲ್ಲಿ ತಡ್ದದಾ?”

ಭಾನುವಿಗೆ ಎದುರು ಮಾತಾಡಿ ಅಭ್ಯಾಸವಿಲ್ಲ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ಈ ಹೆಂಗಸರ ಬೆನ್ನ ಹಿಂದೆ ಹೊಲಕ್ಕೆ ಬಂದವಳು. ಕೇಳಿ ಕಲಿತದ್ದಕ್ಕಿಂತ ನೋಡಿ ಕಲಿತದ್ದೇ ಹೆಚ್ಚು. ಈಗ ಮಸ್ಕತ್ತಿನ ಮನೆಯೊಂದರಲ್ಲಿ, ಕಾಲು ಬಿದ್ದುಹೋದ ಅಜ್ಜಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಅದೇ ಮನೆಯಲ್ಲಿ ಅಡುಗೆ ಮಾಡುವ ಸುಲ್ತಾನ್ ಬತ್ತೇರಿಯ ಮಲಯಾಳಿ ಅಕ್ಕ, ಚೇಚಿ, ಫೋನಿನಲ್ಲಿ ಎಲ್ಲ ಹೇಳಿದ್ದಳು. ಕೈಕಾಲು ಮುಚ್ಚಿರಬೇಕು, ಬಟ್ಟೆ ಮೈಗೆ ಅಂಟಬಾರದು, ತಲೆ ಮೇಲೆ ದುಪಟ್ಟ ಇರಲಿ. ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಆಚೆ ಕರೆದೊಯ್ಯುವಾಗ ಬಿಸಿಲು ಸುಡುತ್ತದೆ. ಹಿಂದೆ ಇದ್ದ ಹುಡುಗಿಗೆ ಮೈಯೆಲ್ಲ ಬೆವರುಸಾಲೆ ಎದ್ದು, ತಿಂಗಳು ತುಂಬುವ ಮುಂಚೆಯೇ ವಾಪಸು ಕಳಿಸಿದರು. ಆ ಕೊನೆಯ ಮಾತು ಭಾನುವಿನ ಎದೆಯಲ್ಲಿ ಕೂತುಬಿಟ್ಟಿತ್ತು. ತನ್ನನ್ನೂ ಹಾಗೆ ಕಳಿಸಿದರೆ ಊರಲ್ಲಿ ಮತ್ತೆ ತಲೆಯೆತ್ತುವ ಧೈರ್ಯ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅರ್ಧ ಸಾಲು ಮುಗಿಯುವಷ್ಟರಲ್ಲಿ ಬೆವರು ಇಳಿಯತೊಡಗಿತು. ಬಟ್ಟೆ ಬೆವರನ್ನೂ ಕುಡಿಯಲಿಲ್ಲ, ಗಾಳಿಯನ್ನೂ ಬಿಡಲಿಲ್ಲ. ಸಾಲಿನ ಕೊನೆಗೆ ಬರುವಾಗ ಕತ್ತು ಉರಿ, ಕಂಕುಳು ಉರಿ. ಬೆನ್ನಿಗೆ ಅಂಟಿಕೊಂಡ ಬಟ್ಟೆಯಲ್ಲಿ ಒಳಬಟ್ಟೆಯ ಗೆರೆಯೆಲ್ಲ ಮೂಡಿತ್ತು. ಅವಳ ಓರಗೆಯ ಸಿಂಧು ಓಡಿಬಂದು ತನ್ನ ತಲೆಯ ಟವಲನ್ನು ಬಿಚ್ಚಿ ಅವಳ ಬೆನ್ನಿಗೆ ಹೊದಿಸಿದಳು.

“ಇದ್ನ ಮುಚ್ಕಳಕೆ ಅಂತ ತಂದ್ಯಾ, ತೋರ್ಸಕೆ ಅಂತ ತಂದ್ಯಾ?” ಎಂದು ಕಿವಿಯಲ್ಲಿ ಕೇಳಿದಳು.

ಭಾನುವಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಂಗಡಿಯವನು ಬಟ್ಟೆ ವಾಪಸು ತೆಗೆದುಕೊಳ್ಳುವವನಲ್ಲ. ಬೇರೆ ಕೊಳ್ಳುವ ದಾರಿಯೂ ಇರಲಿಲ್ಲ.

ಮೂಗಮ್ಮ ತನ್ನ ತೋಳನ್ನು ಅವಳ ಮುಂದೆ ಚಾಚಿದಳು. ಸೀರೆಯ ಮೇಲೆ ಅವಳು ತೊಟ್ಟಿದ್ದು ಗಂಡ ಸೋಮಯ್ಯನ ಹಳೆಯ ತುಂಬುತೋಳಿನ ಅಂಗಿ. ಆ ಕಡೆ ಹೊಲಕ್ಕೆ ಇಳಿಯುವ ಹೆಂಗಸರೆಲ್ಲರೂ ಹಾಗೆಯೇ. ಮನೆಯ ಗಂಡಸರು ತೊಟ್ಟು ಬಿಟ್ಟ ಕಾಟನ್ ಅಂಗಿ, ಮಣಿಕಟ್ಟಿಗೆ ಗುಂಡಿ, ತಲೆಗೆ ಟವಲು. ಭಾನು ಕೂಡ ನಿನ್ನೆಯವರೆಗೆ ಅಣ್ಣ ಶಾಂತರಾಜುವಿನ ಅಂಗಿಯಲ್ಲೇ ಹೂ ಕುಯ್ದವಳು.

“ಮುಟ್ನೋಡು. ಇಂಗಿರ್ಬೇಕು,” ಎಂದಳು ಮೂಗಮ್ಮ.

ಒಗೆದು ಒಗೆದು ಬಟ್ಟೆ ಮಗುವಿನ ಕಿವಿಯಷ್ಟು ಮೆತ್ತಗಾಗಿತ್ತು. “ಗಂಡಸ್ರ ಅಂಗಿ ಹಾಕ್ಕಂಡು ವಿಮಾನ ಹತ್ತಿದ್ರೆ ಜನ ನಗಲ್ವಾ ದೊಡ್ಡವ್ವ?”

“ಅದ್ನ ಎಂಗಸ್ರುದ್ದು ಮಾಡಕೆ ಟೈಲರ್ ದೊರೆಸ್ವಾಮಿ ಇಲ್ವಾ?”

ಅಂದಿಗೇ ಭಾನುವಿನ ಹೊಲದ ಕೆಲಸ ಮುಗಿದಿತ್ತು. ಮಾರನೆಯ ಸಂಜೆ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಯ ಜಗಲಿಗೆ ಬಂದು, ಒಗೆದು ಒಣಗಿಸಿದ ಒಂದೊಂದು ಅಂಗಿಯನ್ನು ಇಟ್ಟು ಹೋದರು. ನಿಮಗೆ ಬೇಡವೇ ಎಂದು ಅವಳು ಕಷ್ಟಪಟ್ಟು ಕೇಳಿದಾಗ ಮೂಗಮ್ಮ ಗದರಿದಳು. “ಮನೇಲಿ ರಾಶಿ ಬಿದ್ದವೆ, ಸುಮ್ನಿರು ಮೊಗ.” ಸಿಂಧು ಮಾತ್ರ ಅಂಗಿ ಕೊಟ್ಟು ಗುಲಾಬಿ ಚೂಡಿದಾರ ತೆಗೆದುಕೊಂಡಳು. ಮದುವೆಮನೆಯಲ್ಲಿ ಫ್ಯಾನಿನ ಕೆಳಗೇ ಕೂತರಾಯಿತು ಎಂಬುದು ಅವಳ ಲೆಕ್ಕ.

ತೆರಕಣಾಂಬಿಯ ಟೈಲರ್ ದೊರೆಸ್ವಾಮಿ ಹೊಲಿಗೆಗಳನ್ನೆಲ್ಲ ಬಿಚ್ಚಿ, ಕಾಲರ್ ಕತ್ತರಿಸಿ, ಎರಡೆರಡು ಅಂಗಿ ಸೇರಿಸಿ ಮೊಣಕಾಲು ದಾಟುವ ಉದ್ದನೆಯ ಸಡಿಲ ಜುಬ್ಬಗಳನ್ನು ಹೊಲಿದ. ತೋಳಿನ ತುದಿಯ ಚೆಂಡುಹೂವಿನ ಹಳದಿ ಕಲೆ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಅದನ್ನು ಒಳಕ್ಕೆ ಮಡಿಚಿ ಹೊಲಿದು, “ಇಷ್ಟ್ ಜನ ಗಂಡಸ್ರ ಅಂಗಿ ಒಂದೇ ಬ್ಯಾಗಲ್ಲಿ ತಕ್ಕಂಡೋಗ್ತಾ ಇದ್ದೀಯ. ಯಾರೂ ನಿನ್ ತಂಟೆಗೆ ಬರಲ್ಲ ಬುಡವ್ವ,” ಎಂದ. ಹೊಲಿಗೆಯ ಕೂಲಿಯ ಮಾತೆತ್ತಿದರೆ, ಬೇರೆ ಗಿರಾಕಿಯ ಕಡೆ ತಿರುಗಿಕೊಂಡ.

ಹೊರಡುವ ದಿನ ಭಾನು ಅವುಗಳಲ್ಲೇ ಒಂದನ್ನು ತೊಟ್ಟು ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ಮೈಗೆ ತಂಪಾಗಿತ್ತು. ಆ ಹೆಂಗಸರಿಗೆ ಒಂದು ಒಳ್ಳೆಯ ಮಾತು ಹೇಳಬೇಕೆಂದು ರಾತ್ರಿಯೆಲ್ಲ ಜೋಡಿಸಿಟ್ಟಿದ್ದಳು. ಬೆಳಿಗ್ಗೆ ಅವರು ಕೆಲಸಕ್ಕೆ ಹೋಗಿಬಿಟ್ಟಿದ್ದರು. ಅಲ್ಲಿಂದ ಫೋನಿನಲ್ಲಾದರೂ ಹೇಳಿಯೇನು ಎಂದುಕೊಂಡಳು.

ತಿರುವಿನಲ್ಲಿ ಹೊಲ ಬಂತು. ಬಸ್ಸಿನ ಹಾರನ್ನಿಗೆ ಕಾದಿದ್ದವರಂತೆ ಎಲ್ಲರೂ ಹೂವಿನ ನಡುವೆ ಎದ್ದು ನಿಂತು ಕೈಯೆತ್ತಿದರು. ಯಾರ ಮೈಮೇಲೂ ಅಂಗಿಯಿರಲಿಲ್ಲ. ಬರೀ ಸೀರೆ, ಗೇಣುದ್ದದ ತೋಳಿನ ರವಿಕೆ. ಮಣಿಕಟ್ಟಿನವರೆಗೆ ಕಪ್ಪು ಕೈಗಳು. ಅಲ್ಲಿಂದ ಮೇಲೆ, ವರ್ಷಗಟ್ಟಲೆ ಬಿಸಿಲು ಕಾಣದೆ ತಿಳಿಯಾಗಿ ಉಳಿದಿದ್ದ ತೋಳುಗಳು, ಸುಡುವ ಬಿಸಿಲಿನಲ್ಲಿ ಅವಳತ್ತ ಬೀಸುತ್ತಿದ್ದವು.