ಹೊಸ್ತಿಲಾಚೆ ನಿಂತ ಫೈಲು

ಏಳು ತಿಂಗಳಿಗೇ ಹುಟ್ಟಿದ ತನ್ನ ಕೂಸಿಗೆ ವಸುಧಾ ಬೆಳಿಗ್ಗೆ ಹತ್ತಕ್ಕೆ ಔಷಧಿ ಹಾಕಬೇಕಿತ್ತು. ಇಂದು ಎಷ್ಟು ಹನಿ ಎಂಬುದು ಪಕ್ಕದ ಕೋಣೆಯ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿತ್ತು. ಅದನ್ನು ಬರೆದಿಟ್ಟ ನಾದಿನಿ, ನರ್ಸು, ಕೋಣೆಗೆ ಬೀಗ ಹಾಕಿಕೊಂಡು ಡ್ಯೂಟಿಗೆ ಹೋಗಿದ್ದಳು. ನಡುಮನೆಯ ಲ್ಯಾಪ್‌ಟಾಪಿನ ಮುಂದೆ ಕೂತು ವಸುಧಾ ಮೂರು ಸಲ ಒತ್ತಿದರೂ ಫೈಲು ತೆರೆಯಲಿಲ್ಲ.

"ಇರುವೆ ಬರ್ತಿವೆಯೇನೇ, ನೋಡು," ಎಂದರು ಅತ್ತೆ ಚೂಡಾಮಣಿ. ಎಲ್ಲರ ಮನೆಯಂತೆ ಅಲ್ಲಿಯೂ ಫೈಲುಗಳನ್ನು ಕೋಣೆಯಿಂದ ಕೋಣೆಗೆ ಹೊತ್ತು ತರುತ್ತಿದ್ದುದು ಇರುವೆಗಳೇ.

ಬೀಗ ಹಾಕಿದ ಬಾಗಿಲ ಸಂದಿಯಿಂದ ಬಂದ ಸಾಲು ನಡುಮನೆಯ ಹೊಸ್ತಿಲಾಚೆಯೇ ನಿಂತಿತ್ತು.

"ಈ ಹೊಸ್ತಿಲ ರಂಗೋಲಿ ಯಾವುದರಲ್ಲಿ ಹಾಕ್ದೆ?"

"ಅಂಗಡಿ ಪುಡೀಲಿ ಅತ್ತೆ, ಬೆಳ್ಳಗೆ ಕಾಣ್ಲಿ ಅಂತ."

"ಅದು ಕಲ್ಲಿನ ಪುಡಿ ಕಣೇ. ಊಟ ಇಲ್ದೆ ನೀನು ಕೆಲಸ ಮಾಡ್ತೀಯಾ?"

ವಸುಧಾ ಅದನ್ನು ಒರೆಸಿ ಅಕ್ಕಿಹಿಟ್ಟಿನಲ್ಲಿ ಒಂದೇ ಎಳೆ ಎಳೆದಳು. ಇರುವೆಗಳು ಹಿಟ್ಟು ಮುಟ್ಟಿದವು, ತಲೆಗೆ ತಲೆ ತಾಗಿಸಿ ಏನೋ ಹೇಳಿಕೊಂಡವು, ಹೊಸ್ತಿಲು ಹತ್ತಿದವು. ಪರದೆಯ ಮೇಲೆ ಒಂದೊಂದೇ ಅಂಕಿ ಮೂಡತೊಡಗಿತು. ಹತ್ತು ಗಂಟೆಯ ಚೌಕವೊಂದೇ ಖಾಲಿ ಉಳಿಯಿತು. ಹೊಸ್ತಿಲ ಮೇಲೆ ಇನ್ನೂ ಒಂದು ಇರುವೆ ಇತ್ತು. ಅದಕ್ಕೆ ಗಾಳಿ ತಾಕದಂತೆ ಇಬ್ಬರೂ ಸೆರಗು ಅಡ್ಡ ಹಿಡಿದು, ಉಸಿರು ಬಿಗಿಹಿಡಿದು ನಿಂತರು.

ಎರಡು ಹನಿ ಎಂದು ಮೂಡಿತು.

ಚೂಡಾಮಣಿ ನೆಲದತ್ತ ಬಾಗಿ ಕೈಮುಗಿದರು. "ಅಷ್ಟು ದೂರದಿಂದ ಹೊತ್ತು ತಂದಿದಾವೆ. ಚೆಲ್ಲಬೇಡ," ಎಂದರು ಮೆಲ್ಲಗೆ.

ಕೂಸು ಎರಡನ್ನೂ ನುಂಗಿತು.